ನಿಮ್ಮೂರಿನ ಚರಿತ್ರೆ ಬರೀಬೇಕಾ? ಮೊದಲು ಹೊಲದ ಕಡೆ ನಡೀರಿ

ನಮ್ಮ ಕಡೆ ಊರಿನ ಚರಿತ್ರೆಯ ಪುಸ್ತಕ ಬರೋದು ಜಾತ್ರೆಗೆ, ಇಲ್ಲಾ ಶಾಲೆಯ ನೂರನೇ ವರ್ಷಕ್ಕೆ. ನನ್ನ ಹತ್ತಿರ ಅಂಥವು ಹತ್ತು-ಹನ್ನೆರಡು ಇವೆ. ಮೊದಲ ಪುಟಗಳಲ್ಲಿ ಗಣ್ಯರ ಫೋಟೊ. ಆಮೇಲೆ ವನವಾಸಕ್ಕೆ ಹೊರಟ ರಾಮ ನಮ್ಮೂರ ಹಳ್ಳದಲ್ಲಿ ಕಾಲು ತೊಳೆದ ಕಥೆ. ಅದಾದ ಮೇಲೆ ಚಾಲುಕ್ಯರು, ರಾಷ್ಟ್ರಕೂಟರು, ಸೇವುಣರು ಸಾಲಾಗಿ ಬಂದು ಹೋಗುತ್ತಾರೆ, ಪಾಠಪುಸ್ತಕದಿಂದ ಎದ್ದು ಬಂದವರ ಹಾಗೆ. ಕೊನೆಗೆ ದೇಣಿಗೆ ಕೊಟ್ಟವರ ಪಟ್ಟಿ. ಊರು ಎಲ್ಲಿ ಅಂತ ಹುಡುಕಿದರೆ ನಡುವೆ ಎರಡೂವರೆ ಪುಟ ಸಿಗುತ್ತದೆ, ಅದರಲ್ಲೂ ಅರ್ಧ ಪುಟ ಪಂಚಾಯ್ತಿ ಸದಸ್ಯರ ಹೆಸರು.

ನಾನೂ ಮೊದಲ ಸಲ ಹೀಗೇ ಬರೆದಿದ್ದೆ. ನಮ್ಮದು ಗದಗ ತಾಲೂಕಿನ ಸಣ್ಣ ಊರು. ಮೂವತ್ತು ಪುಟ ಬರೆದು ಒಂದು ರಾತ್ರಿ ಕೂತು ಓದಿದೆ. ಊರಿನ ಹೆಸರು ತೆಗೆದು ಪಕ್ಕದೂರಿನ ಹೆಸರು ಹಾಕಿದರೂ ಒಂದು ಸಾಲನ್ನೂ ತಿದ್ದಬೇಕಾಗಿರಲಿಲ್ಲ! ಅದನ್ನು ಪಕ್ಕಕ್ಕಿಟ್ಟು ಎರಡನೇ ಸಲ ರಾಜರನ್ನು ಬಿಟ್ಟು ಹೊಲದಿಂದ ಶುರು ಮಾಡಿದೆ. ಹೇಗೆ ಅಂತ ಹೇಳ್ತೀನಿ.

ಮೊದಲು ಬೇಕಾಗಿದ್ದು ಗ್ರಾಮ ನಕ್ಷೆ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲೂಕು, ಹೋಬಳಿ ಆರಿಸಿದರೆ ಪಿಡಿಎಫ್ ಸಿಗುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ತೆಗೆಸಿ, ಮೂರ್ನಾಲ್ಕು ಪ್ರತಿ ಇರಲಿ, ಯಾಕಂದ್ರೆ ಒಂದಂತೂ ಬೆವರಿನಲ್ಲಿ ಹಾಳಾಗುತ್ತದೆ. ನಮ್ಮ ಭಾಗದ ಈ ನಕ್ಷೆಗಳ ಮೂಲ ಬ್ರಿಟಿಷರ ಮುಂಬಯಿ ಸರ್ವೆ. 1840ರ ದಶಕದಲ್ಲಿ ವಿಂಗೇಟ್ ಅನ್ನೋ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಧಾರವಾಡ ಸೀಮೆಯ ಹೊಲಗಳನ್ನು ಸರಪಳಿ ಎಳೆದು ಅಳೆದರು. ಸರಪಳಿಯ ಉದ್ದ 33 ಅಡಿ, ಅದರ 16 ಭಾಗಕ್ಕೆ ಆಣೆ ಅಂತ ಹೆಸರು. 33 ಅಡಿ ಉದ್ದ, 33 ಅಡಿ ಅಗಲ ಆದರೆ ಒಂದು ಗುಂಟೆ, ಅಂದರೆ 1089 ಚದರಡಿ. ಅಂಥ 40 ಗುಂಟೆ ಸೇರಿದರೆ ಎಕರೆ. ಇವತ್ತಿಗೂ ಅಣ್ಣತಮ್ಮಂದಿರ ಜಗಳ ನಡೆಯೋದು ಇದೇ ಲೆಕ್ಕದ ಮೇಲೆ.

ನಕ್ಷೆಯಲ್ಲಿ ಸರ್ವೆ ನಂಬರು, ಹಳ್ಳ, ಕೆರೆ, ಹಾದಿ, ಗಾವಠಾಣ (ಮನೆಗಳಿರುವ ಜಾಗ) ಇರುತ್ತವೆ. ಇಲ್ಲದೇ ಇರೋದು ಹೊಲದ ಹೆಸರು. ಅದನ್ನು ತುಂಬೋದೇ ನಿಮ್ಮ ಮೊದಲ ಕೆಲಸ. ಕಡಲೆ, ಜೋಳ ಕಿತ್ತು ಹೊಲ ಖಾಲಿಯಾದ ಮೇಲೆ, ಫೆಬ್ರುವರಿ-ಮಾರ್ಚಿನಲ್ಲಿ ಹೊರಡಿ. ಮಳೆಗಾಲದಲ್ಲಿ ಎರಿ (ಕಪ್ಪು ಮಣ್ಣಿನ) ಹೊಲದೊಳಗೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ನೀವು ಮಾತ್ರ ಮುಂದೆ ಹೋಗ್ತೀರಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಇರಲಿ, ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಆದರೆ ಆ್ಯಪ್‌ಗಿಂತ ಮುಖ್ಯ, ಜೊತೆಗೆ ಒಬ್ಬ ವಯಸ್ಸಾದವರು ಬೇಕು. ಎಪ್ಪತ್ತು ದಾಟಿದ, ಜೀವನವಿಡೀ ಒಕ್ಕಲುತನ ಮಾಡಿದ, ಇನ್ನೂ ನಾಲ್ಕು ಕಿಲೋಮೀಟರು ನಡೆಯಬಲ್ಲ ಅಜ್ಜ.

ನಮ್ಮ ಅಜ್ಜನ ಜೊತೆ ನಾನು ಹೋದ ಮೊದಲ ದಿನದ ಮಾತು ಹೇಳಲೇಬೇಕು. ಹಳ್ಳದ ಹತ್ತಿರದ ಒಂದು ಹೊಲ ತೋರಿಸಿ "ಇದಕ್ಕ ಏನಂತಾರ ಅಜ್ಜಾ?" ಅಂದೆ. "ದೀವಿಗಿ ಹೊಲ" ಅಂದ. ಯಾಕೆ? "ಹನಮಪ್ಪನ ಗುಡಿ ದೀವಿಗಿ ಎಣ್ಣಿ ಈ ಹೊಲದ್ದು. ಕುಸುಬಿ ಬಿತ್ತತಿದ್ರು. ಈಗ ಗೊಂಜಾಳ ಬಿತ್ತ್ಯಾರ, ದೇವರು ಕತ್ತಲ್ಯಾಗ ಕುಂತಾನ." ಆಚೆ ಬದಿಗೆ ಅಗಸರ ಮಾನ್ಯ. ಅದರ ಪಕ್ಕ ಮುಲ್ಲಾನ ಹೊಲ. ಇನ್ನೂ ಮುಂದೆ ತಳವಾರ ಪಟ್ಟಿ. ಒಂದೇ ಮುಂಜಾನೆಯಲ್ಲಿ ಊರಿನ ಹಳೇ ಆಡಳಿತವೆಲ್ಲ ನೆಲದ ಮೇಲೆ ಕಂಡಿತು. ಬಟ್ಟೆ ಒಗೆಯುವವರಿಗೆ, ಕಾವಲು ಕಾಯುವವರಿಗೆ, ಪೂಜೆ ಮಾಡುವವರಿಗೆ ಸಂಬಳದ ಬದಲು ಭೂಮಿ ಕೊಟ್ಟಿದ್ದರು, ಅದೇ ಇನಾಂ, ಮಾನ್ಯ, ವತನ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂತು, 1974ರ ಭೂಸುಧಾರಣೆಯಲ್ಲಿ ಉಳುವವರ ಹೆಸರಿಗೆ ಹೊಲ ಹೋಯಿತು. ಪಹಣಿಯಲ್ಲಿ ಈ ಹಳೇ ಹೆಸರುಗಳು ಕಾಣೋದಿಲ್ಲ. ಅಜ್ಜನ ಬಾಯಲ್ಲಿವೆ, ಅಷ್ಟೇ.

ಅಜ್ಜ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. "ದೀವಿಗಿ ಹೊಲ" ಅಂದರೆ ಅದನ್ನು "ದೀಪಕ್ಷೇತ್ರ" ಮಾಡೋಕೆ ಹೋಗಬೇಡಿ. ಹೆಸರು, ಸರ್ವೆ ನಂಬರು, ಹೇಳಿದವರು ಯಾರು, ಯಾವತ್ತು: ಈ ನಾಲ್ಕು ಪ್ರತಿ ಸಲ ಬರೆಯಿರಿ. ತಿಂಗಳಾದ ಮೇಲೆ ಅದೇ ಹೊಲಕ್ಕೆ ಇನ್ನೊಬ್ಬರು ಬೇರೆ ಹೆಸರು ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ.

ಮಣ್ಣು ಮತ್ತು ನೀರು

ಭೂಗೋಳ ಅಂದ ತಕ್ಷಣ ಅಕ್ಷಾಂಶ-ರೇಖಾಂಶ ಬರೆದು ಮುಗಿಸುವವರಿದ್ದಾರೆ. ಅದು ಒಂದು ಸಾಲು ಸಾಕು. ಮುಖ್ಯವಾದ ಪ್ರಶ್ನೆ: ಊರು ಇಲ್ಲೇ ಯಾಕೆ ಕೂತಿದೆ, ಅರ್ಧ ಕಿಲೋಮೀಟರು ಆಚೆ ಯಾಕಿಲ್ಲ? ಗದಗ, ರೋಣ, ನವಲಗುಂದ ಕಡೆ ಇದಕ್ಕೆ ಉತ್ತರ ಬಹಳ ಸಲ ನೀರಿನಲ್ಲಿದೆ. ಎರಿ ನೆಲದಲ್ಲಿ ಬಾವಿ ತೋಡಿದರೆ ಎಷ್ಟೋ ಕಡೆ ಸವುಳು ನೀರು. ಕುಡಿಯೋಕೆ ಮಳೆ ನೀರು ನಿಲ್ಲುವ ಕೆರೆಯೇ ಗತಿ. ಹಾಗಾಗಿ ಊರು ಕೆರೆಯ ಬಗಲಿಗೆ, ಇಲ್ಲಾ ಎರಿ ಮುಗಿದು ಮಸಾರಿ, ಅಂದರೆ ಕೆಂಪು ನೆಲ, ಶುರುವಾಗುವ ಅಂಚಿಗೆ ಕೂತಿರುತ್ತದೆ. ನಿಮ್ಮ ನಕ್ಷೆಯ ಮೇಲೆ ಎರಿಗೆ ಕಪ್ಪು, ಮಸಾರಿಗೆ ಕೆಂಪು, ಮಡ್ಡಿಗೆ (ಕಲ್ಲಿನ ಬರಡು ನೆಲಕ್ಕೆ) ಕಂದು ಬಣ್ಣದ ಪೆನ್ಸಿಲ್ ಹಚ್ಚಿ ನೋಡಿ. ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಹಾನಗಲ್, ಹಿರೇಕೆರೂರು ಕಡೆಯವರಿಗೆ ಬೇರೆ ಲೆಕ್ಕ. ಅಲ್ಲಿ ಕೆರೆಗಳು ಜಾಸ್ತಿ, ಕೆಳಗೆ ಭತ್ತದ ಗದ್ದೆ. ನೀವು ಕೆರೆಯ ಕೋಡಿಯಿಂದ ಶುರು ಮಾಡಿ, ಕಾಲುವೆ ಹಿಡಿದು ಇಳೀರಿ.

ಸರ್ವೆ ಆಫ್ ಇಂಡಿಯಾದ ಟೊಪೊಶೀಟ್ ಕೂಡ ಇಳಿಸಿಕೊಳ್ಳಿ. 1:50,000 ಅಳತೆಯದು, ಅಂದರೆ ನಕ್ಷೆಯ 2 ಸೆಂಟಿಮೀಟರು ನೆಲದ ಮೇಲೆ ಒಂದು ಕಿಲೋಮೀಟರು. ಕಂದು ಬಣ್ಣದ ಗೆರೆಗಳು ಎತ್ತರದ್ದು, ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 20 ಮೀಟರು. ನಿಮ್ಮೂರ ಹಳ್ಳ ಎಲ್ಲಿ ಹುಟ್ಟಿ ಎಲ್ಲಿಗೆ ಸೇರುತ್ತದೆ ಅಂತ ಬೆರಳಿಟ್ಟು ನೋಡಿ. ಬೆಣ್ಣಿಹಳ್ಳಕ್ಕೆ ಸೇರಿದರೆ ಮುಂದೆ ಮಲಪ್ರಭೆ, ಕೃಷ್ಣೆ. ಮುಂಡರಗಿ ಕಡೆಯದಾದರೆ ತುಂಗಭದ್ರೆ. ಹಾವೇರಿಯವರಾದರೆ ವರದೆಯ ಮೂಲಕ ಅದೇ ತುಂಗಭದ್ರೆ. ಧಾರವಾಡದ ಶಾಲ್ಮಲೆಯ ನೀರು ಮಾತ್ರ ಬೇಡ್ತಿ ಹಿಡಿದು ಪಡುವಣ ಕಡಲಿಗೆ ಹೋಗುತ್ತದೆ. ಪಕ್ಕಪಕ್ಕದ ಎರಡು ಊರಿನ ಮಳೆ ಎರಡು ಸಮುದ್ರಕ್ಕೆ ಹೋಗೋದು ಬರೆಯುವಂಥ ಸಂಗತಿ ಅಲ್ವಾ?

ಕಲ್ಲನ್ನೂ ನೋಡಿ. ಲೋಕದ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡ ಶಿಲೆ ಅನ್ನೋ ಹೆಸರಿದೆ, 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟದ್ದು. ಕಪ್ಪತಗುಡ್ಡ ಆ ಜಾತಿಯ ಕಲ್ಲಿನದೇ. ನಿಮ್ಮೂರ ಹಳೇ ಗುಡಿ ಲಕ್ಕುಂಡಿಯ ಗುಡಿಗಳ ಹಾಗೆ ನುಣುಪು ಬಳಪದ ಕಲ್ಲಿನದಾ, ಅಲ್ಲೇ ಮಡ್ಡಿಯ ಮೇಲೆ ಸಿಕ್ಕ ಒರಟು ಕಲ್ಲಿನದಾ? ದೂರದಿಂದ ಕಲ್ಲು ತರಿಸಿದ್ದರೆ ತರಿಸಿದವರ ಕೈಯಲ್ಲಿ ದುಡ್ಡಿತ್ತು ಅಂತ.

ಊರು ಮೊದಲು ಎಲ್ಲಿತ್ತು?

ಈ ಪ್ರಶ್ನೆ ಎಲ್ಲ ಊರಲ್ಲೂ ಕೇಳಿ. "ಹಾಳೂರ ಹೊಲ", "ಹಾಳ ದಿಬ್ಬ" ಅನ್ನೋ ಜಾಗ ಬಹಳ ಊರಿನ ಸೀಮೆಯಲ್ಲಿದೆ. ಕುಂಟಿ ಹೊಡೆಯುವಾಗ ಗಡಿಗೆ ಚೂರು, ಬಳೆ ಚೂರು, ಬೂದಿ ಮಣ್ಣು ಮೇಲೆ ಬರುತ್ತವೆ. ಆ ಮಣ್ಣನ್ನು ಜನ ಹೊಲಕ್ಕೆ ಗೊಬ್ಬರ ಅಂತ ಹೇರಿಕೊಂಡು ಹೋಗಿ ದಿಬ್ಬ ಅರ್ಧ ಕರಗಿರುತ್ತದೆ. ಚೂರುಗಳನ್ನು ಚೀಲಕ್ಕೆ ತುಂಬಬೇಡಿ, ಇದ್ದಲ್ಲೇ ಫೋಟೊ ತೆಗೆಯಿರಿ, ಪಕ್ಕಕ್ಕೆ ಒಂದು ಸ್ಕೇಲ್ ಇಟ್ಟು. ಅಗೆಯುವ ಆಸೆ ಬಂದರೆ ಹತ್ತಿಕ್ಕಿಕೊಳ್ಳಿ. ನೀವು ಅಗೆದರೆ ಚರಿತ್ರೆ ಸಿಗೋದಿಲ್ಲ, ನಿಧಿ ಸಿಕ್ಕಿದೆ ಅನ್ನೋ ಸುದ್ದಿ ಮಾತ್ರ ಹಬ್ಬುತ್ತದೆ.

ಪಹಣಿ ಪಟ್ಟಿಯಲ್ಲಿ ನಿಮ್ಮೂರ ಪಕ್ಕ ಯಾವುದಾದರೂ ಬೇಚರಾಕ್ ಗ್ರಾಮ ಇದೆಯಾ ನೋಡಿ. ಹೆಸರಿದೆ, ಸರ್ವೆ ನಂಬರಿದೆ, ಮನೆ ಮಾತ್ರ ಒಂದೂ ಇಲ್ಲ. ಜನ ಎಲ್ಲಿ ಹೋದರು? ಬರ, ಬ್ಯಾನಿ, ಲೂಟಿ, ಕುಡಿಯೋ ನೀರು ಕೆಟ್ಟದ್ದು, ಕಾರಣ ಯಾವುದೂ ಆಗಿರಬಹುದು. ಅಲ್ಲಿಂದ ಬಂದ ಮನೆತನ ನಿಮ್ಮೂರಲ್ಲೇ ಇರಬಹುದು, ಇವತ್ತಿಗೂ ವರ್ಷಕ್ಕೊಮ್ಮೆ ಆ ಹಾಳೂರ ಹನಮಪ್ಪನಿಗೆ ಕಾಯಿ ಒಡೆದು ಬರುತ್ತಿರಬಹುದು. ಅವರನ್ನು ಹುಡುಕಿ.

ಊರೊಳಗೆ ಅಗಸಿ (ಊರ ಬಾಗಿಲು), ಹುಡೇವು (ಕಾವಲಿನ ಕೊತ್ತಲ), ವಾಡೆ (ಸಿರಿವಂತರ ದೊಡ್ಡ ಮನೆ) ಇದ್ದರೆ ಅಳತೆ ಮಾಡಿ, ಚಿತ್ರ ತೆಗೆಯಿರಿ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತು ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಹಾಗಂತ ಕಂಡ ಕಂಡ ವಾಡೆಯನ್ನೆಲ್ಲ ಹತ್ತಿ ದುಡ್ಡಿನ ವಾಡೆ ಅಂತ ಬರೆಯಬೇಡಿ. ತೊಲೆಯ ಮೇಲೋ ಬಾಗಿಲ ಮೇಲೋ ಇಸವಿ ಕೆತ್ತಿದ್ದರೆ ಸರಿ.

ಕಲ್ಲು ಓದುವುದು

ವೀರಗಲ್ಲು ಇಲ್ಲದ ಊರು ನಮ್ಮ ಕಡೆ ಕಡಿಮೆ. ಹನಮಪ್ಪನ ಗುಡಿ ಹಿಂದೆ, ಬಾವಿಯ ಮೆಟ್ಟಿಲಲ್ಲಿ, ಕೆರೆ ಒಡ್ಡಿನ ಮೇಲೆ ಹುಡುಕಿ. ನಮ್ಮೂರಲ್ಲಿ ಒಂದು ಎಮ್ಮೆ ಕಟ್ಟುವ ಗ್ವಾದಲಿ ಪಕ್ಕ ಬಟ್ಟೆ ಒಗೆಯೋ ಕಲ್ಲಾಗಿತ್ತು. ಬೋರಲು ಹಾಕಿದ್ದರಿಂದ ಕೆತ್ತನೆ ಉಳಿದಿತ್ತು, ಪುಣ್ಯ. ನಾಲ್ಕು ಜನ ಹಾರೆ ಹಾಕಿ ತಿರುವಿದೆವು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನು, ಅವನ ಹಿಂದೆ ದನಗಳ ಸಾಲು. ಅಂದರೆ ತುರುಗೋಳು, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಿ ಸತ್ತವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗ, ಮೂಲೆಗೆ ಸೂರ್ಯ-ಚಂದ್ರ. ಆ ಮನೆಯ ಅವ್ವ ಬಗ್ಗಿ ನೋಡಿ, "ಇಷ್ಟ ದಿನಾ ಇವನ ಬೆನ್ನ ಮ್ಯಾಲ ಅರಬಿ ಒಗದ್ನೇನೋ ಯಪ್ಪಾ" ಅಂತ ಕೈ ಮುಗಿದಳು. ಮರುದಿನ ಕುಂಕುಮ ಬಿತ್ತು. ಈಗ ಅವನಿಗೆ ಸೋಮವಾರ ಪೂಜೆ ಇದೆ, ಒಗೆಯೋಕೆ ಬೇರೆ ಕಲ್ಲು ಬಂದಿದೆ.

ಅಕ್ಷರ ಇರುವ ಕಲ್ಲು ಸಿಕ್ಕರೆ ಸುಣ್ಣ, ಚಾಕ್‌ಪೀಸು, ಆ್ಯಸಿಡ್ ಯಾವುದೂ ಮುಟ್ಟಿಸಬೇಡಿ. ನೀರು, ಮೆತ್ತನೆ ಬ್ರಷ್ ಸಾಕು. ನಮ್ಮೂರ ಒಂದು ಶಾಸನಕ್ಕೆ ಯಾರೋ ಭಕ್ತಿಯಿಂದ ಬೆಳ್ಳಿ ಬಣ್ಣದ ಆಯಿಲ್ ಪೇಂಟ್ ಹೊಡೆದು ಎಂಟು ಸಾಲು ಮುಚ್ಚಿಹೋಗಿದೆ, ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಫೋಟೊ ತೆಗೆಯಲು ಮಧ್ಯಾಹ್ನದ ಬಿಸಿಲು ಕೆಲಸಕ್ಕೆ ಬಾರದು. ಬೆಳಗ್ಗೆ, ಸಂಜೆ ಓರೆ ಬಿಸಿಲು ಬೇಕು. ಇನ್ನೂ ಒಳ್ಳೆಯದು ರಾತ್ರಿ: ಒಬ್ಬರು ಟಾರ್ಚನ್ನು ಕಲ್ಲಿನ ಬದಿಗೆ ಹಿಡಿದು ಬೆಳಕು ಸವರುವಂತೆ ಬಿಟ್ಟರೆ ಹಗಲು ಕಾಣದ ಅಕ್ಷರ ಎದ್ದು ನಿಲ್ಲುತ್ತವೆ.

ಕಾಲದ ಲೆಕ್ಕ ಹೀಗೆ. ಶಕ ವರ್ಷಕ್ಕೆ 78 ಕೂಡಿಸಿ. ಪುಷ್ಯ, ಮಾಘ, ಫಾಲ್ಗುಣದಲ್ಲಿ ಬರೆದದ್ದಾದರೆ ಇಂಗ್ಲಿಷ್ ವರ್ಷ ಬದಲಾಗಿರುವ ಸಂಭವ ಹೆಚ್ಚು, ಆಗ 79. ನಮ್ಮ ಕಡೆ ಜಾಸ್ತಿ ಸಿಗೋದು "ಚಾಳುಕ್ಯ ವಿಕ್ರಮ ಕಾಲ". ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರು ಮಾಡಿದ ಲೆಕ್ಕ ಅದು, ಹಾಗಾಗಿ ಕಲ್ಲಿನ ಮೇಲಿನ ಅಂಕಿಗೆ 1075 ಕೂಡಿಸಬೇಕು. ನಾನು ಅವಸರದಲ್ಲಿ ಶಕ ವರ್ಷದಿಂದ 78 ಕಳೆದು ನಮ್ಮೂರನ್ನು ನೂರೈವತ್ತಾರು ವರ್ಷ ಹಿಂದಕ್ಕೆ ಒಯ್ದಿದ್ದೆ. ಊರಿನವರಿಗೆ ಬಹಳ ಖುಷಿಯಾಗಿತ್ತು, ಆಮೇಲೆ ತಿದ್ದುವಾಗ ಬೈಸಿಕೊಂಡೆ.

ನೀವೇ ಓದಬೇಕು ಅಂತೇನೂ ಇಲ್ಲ, ಅಚ್ಚಾಗಿರಬಹುದು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳು ಪೂರ್ತಿ ನಮ್ಮ ಮುಂಬಯಿ ಕರ್ನಾಟಕದ (ಈಗಿನ ಕಿತ್ತೂರು ಕರ್ನಾಟಕದ) ಶಾಸನಗಳವು. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯೂ ಶಾಸನ ಸಂಪುಟಗಳನ್ನು ತಂದಿದೆ. ಇಲ್ಲೊಂದು ಗುಟ್ಟು ಹೇಳ್ತೀನಿ. ಊರಿನ ಹೆಸರು ಈಗ "ಹ"ದಿಂದ ಶುರುವಾಗುತ್ತಿದ್ದರೆ ಶಾಸನದಲ್ಲಿ "ಪ"ದಲ್ಲಿ ಹುಡುಕಿ. ಹಾನಗಲ್ಲು ಪಾನುಂಗಲ್ ಆಗಿತ್ತು. ಲಕ್ಷ್ಮೇಶ್ವರದ ಹಳೇ ಹೆಸರು ಹುಲಿಗೆರೆ, ಅದಕ್ಕೂ ಮೊದಲು ಪುಲಿಗೆರೆ. ಹೆಸರು ಸವೆದೂ ಹೋಗಿರುತ್ತದೆ, ಲೊಕ್ಕಿಗುಂಡಿ ಲಕ್ಕುಂಡಿ ಆದ ಹಾಗೆ. "ಬೆಳ್ವೊಲ ಮುನ್ನೂಱು", "ಪುಲಿಗೆರೆ ಮುನ್ನೂಱು" ಅಂತ ಕಂಡರೆ ಅದು ಆಗಿನ ಆಡಳಿತದ ನಾಡು, ನಿಮ್ಮೂರು ಯಾವುದರಲ್ಲಿತ್ತು ಅಂತ ಬರೆದುಕೊಳ್ಳಿ. ಊರಿನ ಹೆಸರಿಗೆ ನೀವೇ ಅರ್ಥ ಕಟ್ಟುವ ಮೊದಲು ಶಾಸನದ ರೂಪ ನೋಡಿ. ಋಷಿಗಳ ಹೆಸರಿನಿಂದ ಬಂತು ಅನ್ನೋ ಊರುಗಳಲ್ಲಿ ಹೆಚ್ಚಿನವು ಗಿಡ, ಗುಂಡಿ, ಕೆರೆಯಿಂದಲೇ ಬಂದಿರುತ್ತವೆ.

ಕಾಗದ

1884ರಲ್ಲಿ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗೆಜೆಟಿಯರ್‌ನ 22ನೇ ಸಂಪುಟ ಧಾರವಾಡದ್ದು. ಅಂತರ್ಜಾಲದಲ್ಲಿ ಪುಕ್ಕಟೆ ಇದೆ. ಕೊನೆಯ ಭಾಗದಲ್ಲಿ ಊರುಗಳ ಹೆಸರು ಅಕ್ಷರ ಕ್ರಮದಲ್ಲಿವೆ. ಅಷ್ಟೇ ಓದಿ ಬಿಡಬೇಡಿ, ಹತ್ತಿ, ಬರ, ಸಂತೆ, ಹಾದಿಯ ಅಧ್ಯಾಯಗಳೂ ನಿಮ್ಮೂರಿನ ಬಗ್ಗೆಯೇ ಮಾತಾಡುತ್ತವೆ, ಹೆಸರು ಹೇಳದೆ. ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಪ್ರತಿ ಹಳ್ಳಿಯ ವಿಸ್ತೀರ್ಣ, ಮನೆ, ಜನಸಂಖ್ಯೆ ಸಿಗುತ್ತದೆ. 2011ರದು ಸುಲಭ, 1961ರದನ್ನೂ ಹುಡುಕಿ ಪಕ್ಕಪಕ್ಕ ಇಡಿ.

ಆದರೆ ನಿಮ್ಮೂರು ಆಗ ಯಾರ ಕೈಯಲ್ಲಿತ್ತು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಸವಣೂರು ನವಾಬರದು, ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು. ಲಕ್ಷ್ಮೇಶ್ವರದ ಬಗಲಿನ ಒಂದು ಹಳ್ಳಿಯ ವಿಳಾಸ ನೋಡಿ: ಮೊದಲು ಮಿರಜ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತ್ಯ, 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಧಾರವಾಡ ಹೋಗಿ ಗದಗ ಜಿಲ್ಲೆ, ಈಚೆಗೆ ಶಿರಹಟ್ಟಿ ಹೋಗಿ ಲಕ್ಷ್ಮೇಶ್ವರ ತಾಲೂಕು. ಊರು ಒಂದು ಗೇಣೂ ಸರಿದಿಲ್ಲ! ಕಡತ ಹುಡುಕುವಾಗ ಇದು ಗೊತ್ತಿರದಿದ್ದರೆ ವರ್ಷಗಟ್ಟಲೆ ತಪ್ಪು ಕಪಾಟು ತಡಕಾಡ್ತೀರಿ. ಹಳೇ ಕಾಗದ ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿ, ಇದ್ದರೆ ಓದಿದಂತೆ ನಟಿಸಬೇಡಿ, ಬಲ್ಲವರಿಗೆ ತೋರಿಸಿ.

ಕಚೇರಿಗೆ ಹೋದಾಗ ಮಧ್ಯಾಹ್ನದ ಮೇಲೆ ಹೋಗಿ, ಬೆಳಗ್ಗೆ ರಶ್ ಇರುತ್ತದೆ. ಹಳೇ ಕಾಗದ ಬೇಕು ಅಂದ ಕೂಡಲೇ "ಏನ್ರಿ, ವಾಟ್ನಿ ಕೇಸಾ?" ಅಂತ, ಅಂದರೆ ಆಸ್ತಿ ಪಾಲಿನ ಜಗಳವಾ ಅಂತ, ಕೇಳೇ ಕೇಳ್ತಾರೆ. ಅಲ್ಲ ಅಂದರೆ ಇನ್ನೂ ಅನುಮಾನ. ಎರಡನೇ ಸಲ ಹೋದಾಗ ನಾನು ಬಣ್ಣ ಹಚ್ಚಿದ ನಕ್ಷೆ ಒಯ್ದು ಟೇಬಲ್ ಮೇಲೆ ಹಾಸಿದೆ. ಸಿಬ್ಬಂದಿಯೊಬ್ಬರು ತಮ್ಮೂರಿನ ಹಾಳೂರಿನ ಕಥೆ ಶುರು ಮಾಡಿದರು, ಕೆಲಸ ಆಯಿತು. ಶಾಲೆಯ ದಾಖಲಾತಿ ರಜಿಸ್ಟರು, ಸೊಸೈಟಿಯ ಠರಾವು ಪುಸ್ತಕ ಎರಡೂ ಬಂಗಾರದ ಗಣಿ. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಗದಗ ಹತ್ತಿರದ ಕಣಗಿನಹಾಳ ಅನ್ನೋ ಹಳ್ಳಿಯಲ್ಲಿ, ಹಾಗಾಗಿ ಅಕ್ಕಪಕ್ಕದ ಊರುಗಳ ಸೊಸೈಟಿಯ ಕಾಗದಕ್ಕೂ ಸಾಕಷ್ಟು ವಯಸ್ಸಾಗಿರಬಹುದು. ರಜಿಸ್ಟರಿನಲ್ಲಿ ಜಾತಿ, ಸಾಲ, ಬಾಕಿ ಎಲ್ಲ ಇರುತ್ತದೆ. ಬದುಕಿರುವವರ ಮನೆತನದ ಮರ್ಯಾದೆ ಹೋಗುವಂಥದನ್ನು ಹೆಸರು ಹಾಕಿ ಬರೆಯಬೇಡಿ.

ಮಂದಿ

ಕಟ್ಟೆಯ ಮೇಲೆ ಕೂತವರನ್ನು ಮಾತ್ರ ಕೇಳಿದರೆ ಗೌಡರ ಮನೆತನದ ಚರಿತ್ರೆ ಆಗುತ್ತದೆ, ಊರಿಂದಲ್ಲ. ಎಲ್ಲ ಕೇರಿಗೂ ಹೋಗಿ, ತಾಂಡಾ ಇದ್ದರೆ ಅಲ್ಲಿಗೂ. ಹೆಂಗಸರನ್ನು ಬೇರೆ ಕೂಡಿಸಿ ಕೇಳಿ. ಗಂಡಸರು ಗುಡಿ, ಚುನಾವಣೆ, ಜಗಳ ಹೇಳ್ತಾರೆ. ನೀರು ಎಲ್ಲಿಂದ ತರುತ್ತಿದ್ದರು, ಯಾವ ಬಾವಿ ಯಾರಿಗೆ ಇತ್ತು, ಯಾರನ್ನು ದೂರ ನಿಲ್ಲಿಸುತ್ತಿದ್ದರು, ಇದನ್ನು ಹೇಳೋದು ಹೆಂಗಸರೇ. ಅವರಲ್ಲಿ ಹೆಚ್ಚಿನವರು ಬೇರೆ ಊರಿಂದ ಸೊಸೆಯಾಗಿ ಬಂದವರು, ಹಾಗಾಗಿ ಈ ಊರಿನ ವಿಚಿತ್ರ ಅವರ ಕಣ್ಣಿಗೆ ಬಿದ್ದಿರುತ್ತದೆ.

ಹೆಳವರು ಬಂದಾಗ ಮಾತ್ರ ಕೆಲಸ ಬಿಟ್ಟು ಕೂಡಿ. ಎತ್ತು ಹೊಡೆದುಕೊಂಡು ಬಂದು ಒಂದೊಂದು ಮನೆತನದ ಹಿರಿಯರ ಹೆಸರು ಹೇಳಿ, ಮೂಲ ಊರು ಯಾವುದು, ಎಲ್ಲಿಂದ ಎಲ್ಲಿಗೆ ಬಂದರು ಅಂತ ಒಪ್ಪಿಸುತ್ತಾರೆ. ಕೆಲವು ವರ್ಷಕ್ಕೊಮ್ಮೆ ಬರೋದು, ತಪ್ಪಿದರೆ ಮತ್ತೆ ಕಾಯಬೇಕು. ನಾನು ಕೇಳಿ ರೆಕಾರ್ಡ್ ಮಾಡಿಕೊಂಡೆ, ಕಾಳು-ದುಡ್ಡು ಸರಿಯಾಗಿ ಕೊಟ್ಟೆ. ನೀವೂ ಕೊಡಿ.

ವರ್ಷ ಕೇಳಿದರೆ ಹಿರಿಯರಿಗೆ ನೆನಪಾಗೋದಿಲ್ಲ. "ಯಾವ ಇಸವಿ?" ಅನ್ನೋದರ ಬದಲು "ಕಾಲುವಿ ನೀರು ಬರೋಕಿಂತ ಮೊದಲೋ, ಆಮೇಲೋ?" ಅಂತ ಕೇಳಿ. ಕರೆಂಟು, ಮೊದಲ ಬಸ್ಸು, ದ್ಯಾಮವ್ವನ ಜಾತ್ರೆ, ಇವೇ ಅವರ ಮೈಲಿಗಲ್ಲು. ಇನ್ನೂ ಹಿಂದಿನ ಮಾತಾದರೆ "ಪಿಲೇಗು ಬಂದಾಗ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರಂತ" ಅಂತಾರೆ, ಅದು 1890ರ ದಶಕದ ಕೊನೆಯಿಂದ ಮುಂದಿನ ಕಾಲ, ಹಲವು ಸಲ ಬಂದುಹೋಗಿದೆ. ಧಾತು-ಈಶ್ವರ ಸಂವತ್ಸರದ ಬರ ಅಂದರೆ 1876ರಿಂದ 78. ಧಾರವಾಡ ಜಿಲ್ಲೆಯ ಜನಸಂಖ್ಯೆ 1872ರ ಗಣತಿಗಿಂತ 1881ರ ಗಣತಿಯಲ್ಲಿ ಕಡಿಮೆ ಇದ್ದದ್ದು ಅದರಿಂದಲೇ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಅಜ್ಜ ಹೇಳಿದ್ದು ಯಾವ ಸುತ್ತಿನದು ಅಂತ ನೋಡಿಕೊಳ್ಳಿ.

ಬರೆಯೋಕೆ ಕೂತಾಗ ಸೀಮೆಯ ಒಂದು ತುದಿಯಿಂದ ಶುರು ಮಾಡಿ. ನಾನು ಮೂರೂರ ಸೀಮೆ ಕೂಡುವ ಬಾಂದುಕಲ್ಲಿನಿಂದ ಹೊರಟು, ಹಳ್ಳ ದಾಟಿ, ದೀವಿಗಿ ಹೊಲದ ಮೇಲೆ ಹಾಯ್ದು ಅಗಸಿಗೆ ಬಂದೆ. ರಾಜರು ಹಾದಿಯಲ್ಲಿ ಕಲ್ಲು ಸಿಕ್ಕಲ್ಲಿ ಮಾತ್ರ ಬಂದರು. ಪುಸ್ತಕದ ಕೊನೆಗೆ ಆರು ಖಾಲಿ ಪುಟ ಬಿಡಿಸಿ, ತಪ್ಪು ಕಂಡವರು ಬರೆದು ಕೊಡಲಿ ಅಂತ. ಇನ್ನೂರು ಪ್ರತಿ ಸಾಕು.

ನನ್ನ ಪುಸ್ತಕಕ್ಕೆ ಮೊದಲ ತಿದ್ದುಪಡಿ ಬಂದಿದ್ದು ಓದಲು ಬಾರದ ಒಬ್ಬ ಆಯಿಯಿಂದ. ಮೊಮ್ಮಗಳ ಕೈಲಿ ನಕ್ಷೆ ಬಿಡಿಸಿ ನೋಡಿ ನನ್ನ ಕರೆಸಿದಳು. "ತಮ್ಮಾ, ನಮಗ ನೀರು ಸೇದಾಕ ಬಿಡತಿದ್ದ ಬಾವಿ ಹಳ್ಳದ ಈ ಕಡೆ ಇರಲಿಲ್ಲೋ. ಆ ಕಡೆ ಇತ್ತು. ಹಳ್ಳ ಬಂದಾಗ ಎರಡೆರಡು ದಿನ ನೀರಿಲ್ಲದ ಕುಂತೇವಿ." ಎರಡನೇ ಮುದ್ರಣದಲ್ಲಿ ಬಾವಿಯನ್ನು ಆಚೆ ದಂಡೆಗೆ ಹಾಕಿದ್ದೇನೆ.